ಮೂವತ್ತು ಗಂಟೆಯ ನೆರಳು

"ಈ ಸೀಸನ್ನಿಗೆ ನನಗೆ ದಿನಕ್ಕೆ ಮೂವತ್ತು ಗಂಟೆ ನೆರಳು!" ಎಂದು ಗೋಲ್‌ಕೀಪರ್ ಸಿಪ್ರಿಯನ್ ಮಧ್ಯಾಹ್ನದ ಗಂಜಿಯ ಮುಂದೆ ಕೂತು ಘೋಷಿಸಿದ.

ತೆಂಗಿನಕಾಯಿ ಮರದಲ್ಲೇ ಬೆಂದುಹೋಗುವ ಉಳ್ಳಾಲದಲ್ಲಿ ಆಟಗಾರರಿಗೆ ನೆರಳೇ ಸಂಬಳ. ಕರಾರಿನಷ್ಟು ಹೊತ್ತು ಮಾತ್ರ ಅವರ ಮನೆಯ ಹೆಂಚಿನ ಮಾಡು ಮುಚ್ಚಿರುತ್ತಿತ್ತು. ಇಡೀ ತಂಡಕ್ಕೆ ದಿನಕ್ಕೆ ಅರವತ್ತೇ ಗಂಟೆಯ ಮಿತಿ.

"ಹೊಸ ಫಾರ್ವರ್ಡ್ ಅನ್ವರನಿಗೆ?" ಹೆಂಡತಿ ಫಿಲೋಮಿನಾ ಕೇಳಿದಳು.

"ಹತ್ತಂತೆ! ಆ ಕಡ್ಡಿಕಾಲಿನವನಿಗೆ ಕೊಡೆಯ ನೆರಳೇ ಹೆಚ್ಚು." ಹೊಟ್ಟೆಕಿಚ್ಚಿಗೆ ಅವನು ಬಂಗುಡೆಯನ್ನು ಮುಳ್ಳುಸಮೇತ ನುಂಗಿದ.

ಅಷ್ಟರಲ್ಲಿ ಮಾಡು ಕಿರ್ರೆಂದು ತೆರೆದು ಗಂಜಿಗೆ ಬಿಸಿಲು ಬಿತ್ತು.

"ಮೂವತ್ತು ಗಂಟೆ ಇಷ್ಟು ಬೇಗ ಮುಗಿಯಿತಾ ಮಾರಾಯ್ರೆ?"

ಸಿಪ್ರಿಯನ್ ತಲೆ ತಗ್ಗಿಸಿದ. "ಎರಡೇ ಗಂಟೆ ಮಾರಾಯ್ತಿ. ಅನ್ವರನನ್ನು ತಂದರೆ ಮಿತಿ ಮೀರ್ತದೆ, ಯಾರು ನೆರಳು ಬಿಟ್ಟುಕೊಡ್ತೀರಿ ಅಂತ ಕೋಚ್ ಕೇಳಿದರು. ಸೂರ್ಯನೇ ನನಗೆ ಹೆದರ್ತಾನೆ ಅಂತ ಹೇಳಿ ನಾನೇ ರುಜು ಹಾಕಿದೆ."