ಹಸಿರು ಚುಕ್ಕೆ

"ಇವತ್ತು ಆಫೀಸಿನ ಚಾಟ್‌ನಲ್ಲಿ ನಿಮ್ಮ ಹೆಸರಿನ ಮುಂದಿನ ಹಸಿರು ಚುಕ್ಕೆ ಒಂದ್ಸಲಾನೂ ಹಳದಿ ಆಗ್ಲಿಲ್ಲ. ಮನೆಯಿಂದ ಕೆಲಸ ಅಂದ್ರೆ ಹೀಗಿರ್ಬೇಕು," ಎಂದು ಲ್ಯಾಪ್‌ಟಾಪಿನ ಪರದೆಯ ಮೇಲೆ ಮ್ಯಾನೇಜರು ಬಾಯ್ತುಂಬ ಹೊಗಳಿದರು. ಶಾಲು ಹೊದ್ದು ಕೂತಿದ್ದ ಅನುವಾದಕಿಗೆ ಮೈಯೆಲ್ಲ ಉರಿದುಹೋಯಿತು.

ನಿನ್ನೆ ಅವಳು ಔಷಧದ ಕೈಪಿಡಿಯೊಂದನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಪೆನ್ನು ಹಿಡಿದು ಸಾಲುಸಾಲಾಗಿ ತಿದ್ದಿದ್ದಳು. ಮಕ್ಕಳಿಗೆ ಅರ್ಧ ಚಮಚ ಎಂದಿರಬೇಕಾದಲ್ಲಿ ಐದು ಚಮಚ ಎಂದಿದ್ದುದನ್ನು ಹಿಡಿದವಳೂ ಅವಳೇ. ಆದರೆ ಅಷ್ಟು ಹೊತ್ತೂ ಮೌಸು ಅಲುಗಾಡದೆ ಚುಕ್ಕೆ ಹಳದಿಯಾಗಿತ್ತು. "ಮನೇಲಿ ನಿದ್ದೆ ಹೊಡೀತಿದ್ರಾ?" ಎಂದು ಇದೇ ಬಾಯಿ ಎಲ್ಲರೆದುರು ಕೇಳಿತ್ತು.

ಅವಳು ಲ್ಯಾಪ್‌ಟಾಪನ್ನು ಪಕ್ಕಕ್ಕೆ ತಿರುಗಿಸಿದಳು. ಅಲ್ಲಿ ಅತ್ತೆ, ಸದ್ದಡಗಿಸಿದ ಟೀವಿಯಲ್ಲಿ ಧಾರಾವಾಹಿ ನೋಡುತ್ತ, ಮೇಜು ಒರೆಸುವವರ ಹಾಗೆ ಮೌಸನ್ನು ಆಚೀಚೆ ಎಳೆಯುತ್ತಿದ್ದರು.

"ಸೊಸೆಗೆ ಬೆಳಗ್ಗೆಯಿಂದ ಜ್ವರ ಸಾರ್. ರಜೆ ನೀವು ಕೊಡ್ಲಿಲ್ಲ, ಅವಳು ಮಲಗಿದ್ದವಳು ಈಗಷ್ಟೇ ಎದ್ದಳು," ಎಂದರು ಅತ್ತೆ, ಕೈ ನಿಲ್ಲಿಸದೆ. "ಇವತ್ತಿನ ಕೆಲಸ ಪೂರ್ತಿ ನಂದು. ಹೊಗಳೋದಿದ್ರೆ ನನ್ನನ್ನ ಹೊಗಳಿ."