ಕೆಳಗಿನೂರಿನ ಸೀಸೆ

"ನೀರು ಬಿಡೋಕಾಗಲ್ಲಮ್ಮ. ಕೆಂಪಗಿದೆ," ಎಂದ ನದಿ ಹಂಚಿಕೆ ಕಚೇರಿಯ ಅಧಿಕಾರಿ. ಒಂದು ಕೈಯಲ್ಲಿ ಗೇಟಿನ ಹತ್ತಿರ ತುಂಬಿ ತಂದ ಗಾಜಿನ ಕೊಳವೆ, ಇನ್ನೊಂದರಲ್ಲಿ ಕೆಳಗಿನೂರಿನ ಸೀಸೆ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ. ನದಿಯ ನೀರು ಕುಡಿಯುವ ಪ್ರತಿ ಊರಿಗೂ ಆ ಕಚೇರಿಯಲ್ಲಿ ಒಂದೊಂದು ಸೀಸೆ ಇತ್ತು. ಊರಿನ ಅಧ್ಯಕ್ಷರು ತಾವೇ ತುಂಬಿಸಿ, ಅರಗಿನ ಮುದ್ರೆ ಒತ್ತಿ ಕೊಟ್ಟದ್ದು. ಗೇಟಿನ ಹಿಂದಿನ ನೀರು ಸೀಸೆಯ ನೀರಿಗೆ ಹೊಂದಿದರೆ ಮಾತ್ರ ಗೇಟು ಏಳಬೇಕು.

ಅವನು ಕುರ್ಚಿ ತೋರಿಸಿದರೂ ಕೆಳಗಿನೂರಿನ ಅಧ್ಯಕ್ಷೆ ಕೂರಲಿಲ್ಲ. ಊರಿನ ಟ್ಯಾಂಕಿನ ತಳದಲ್ಲಿ ಕೆಸರು ಬಿಟ್ಟರೆ ಏನೂ ಉಳಿದಿರಲಿಲ್ಲ. ಕೈ ತೊಳೆಯೋಕೆ ನೀರಿಲ್ಲದೆ ಹೆರಿಗೆ ಹೇಗೆ ಮಾಡಿಸಲಿ ಎಂದು ಆಸ್ಪತ್ರೆಯ ಡಾಕ್ಟರಮ್ಮ ಬೆಳಗ್ಗೆಯೇ ಫೋನಿನಲ್ಲಿ ಉಗಿದಿದ್ದಳು.

"ನಮ್ಮ ಪಾಲು ಎಲ್ಲಿ ಹೋಯ್ತು ಸಾರ್?"

"ಎಲ್ಲೂ ಹೋಗಿಲ್ಲ. ಪ್ರಮಾಣದಲ್ಲಿ ಒಂದು ಹನಿ ಮೋಸ ಇಲ್ಲ, ಅಷ್ಟೂ ಗೇಟಿನ ಹಿಂದೆ ನಿಂತಿದೆ. ಗುಣಮಟ್ಟ ಕೆಟ್ಟಿದೆ ಅಂತ ತಡೆದಿದೀವಿ. ನಿಮ್ಮ ಆರೋಗ್ಯಕ್ಕೋಸ್ಕರವೇ."

"ಬಾಯಾರಿ ಸತ್ತೋರ ಆರೋಗ್ಯ ಚೆನ್ನಾಗಿರುತ್ತಾ?"

"ಅದು ನಮ್ಮ ಕಚೇರಿಗೆ ಬರಲ್ಲ. ಇನ್ನೊಂದು ಮಾತಮ್ಮ. ಸಂಜೆಯೊಳಗೆ ಇಳಿಸಿಕೊಳ್ಳದ ನೀರು ನಿಮಗೆ ಬೇಡ ಅಂತ ಅರ್ಥ. ಮೇಲೂರಿಗೆ ಹೋಗುತ್ತೆ."

ಮೇಲೂರಿನ ಅಧ್ಯಕ್ಷ ಪಕ್ಕದಲ್ಲೇ ಕೂತು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ. ನದಿಗೆ ಕೆಂಪು ಬಿಟ್ಟ ಬಣ್ಣದ ಕಾರ್ಖಾನೆ ಅವನದೇ. ಅವಳ ಒಡಹುಟ್ಟಿದ ಅಣ್ಣನೂ ಅವನೇ.

"ಅಣ್ಣ, ಆ ದರಿದ್ರ ಕಾರ್ಖಾನೆ ಎರಡು ದಿನ ನಿಲ್ಲಿಸೋ."

"ನಿಲ್ಲಿಸಿದ್ರೆ ಕೆಲಸದೋರೆಲ್ಲ ನನ್ನ ಮನೆ ಮುಂದೆ ಕೂರ್ತಾರೆ. ನೀನು ಬಂದು ಅನ್ನ ಹಾಕ್ತೀಯಾ? ಕೆಂಪು ಬಟ್ಟೆ ಆರ್ಡರ್ ಇದೆ ಕಣೇ."

"ಚಿಕ್ಕೋನಿದ್ದಾಗ ನನ್ನ ಪಾಲಿನ ಹಾಲು ಕುಡಿದು ಲೋಟಕ್ಕೆ ನೀರು ತುಂಬಿಸಿಡ್ತಿದ್ದೆ. ಈಗ ನೀರನ್ನೂ ಬಿಡ್ತಿಲ್ವಲ್ಲೋ ನೀನು."

ಅಣ್ಣನ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅವನು ಚಮಚ ಹುಡುಕತೊಡಗಿದ. ಅವಳು ಅಧಿಕಾರಿಯ ಕಡೆ ತಿರುಗಿದಳು.

"ತಿಳಿನೀರು ಬೆರೆಸಿ ಕೆಂಪು ಇಳಿಸಿ ಸಾರ್."

"ಬೆರೆಸಬಹುದು. ನಿಮ್ಮ ಪಾಲಿನಿಂದ."

"ನಮ್ಮ ಪಾಲು ಗೇಟಿನ ಹಿಂದೆ ಇದೆ ಅಂದ್ರಲ್ಲ?"

"ಹೌದು. ಅದು ತಿಳಿಯಾದ ಕೂಡಲೇ ತೆಗೆದು ಬೆರೆಸ್ತೀವಿ."

ಅವಳಿಗೆ ನೆತ್ತಿಯವರೆಗೂ ಉರಿ ಏರಿತು. ಅಧಿಕಾರಿಯ ಕೈಯಿಂದ ಸೀಸೆ ಕಿತ್ತುಕೊಂಡಳು. ಮುದ್ರೆಯನ್ನು ಹಲ್ಲಿನಿಂದ ಕಚ್ಚಿ ಒಡೆದು, ಎಂದೋ ತನ್ನ ಮಾವ ಅಧ್ಯಕ್ಷರಾಗಿದ್ದಾಗ ತುಂಬಿಸಿಟ್ಟ ತಿಳಿನೀರನ್ನು ಗಟಗಟ ಕುಡಿದಳು. ಬೆಳಗಿನಿಂದ ಅವಳ ಗಂಟಲಿಗೆ ಇಳಿದ ಮೊದಲ ನೀರು ಅದು. ಆಮೇಲೆ ಕೊಳವೆಯಲ್ಲಿದ್ದ ಕೆಂಪು ನೀರನ್ನು ಸೀಸೆಗೆ ಸುರಿದು ಮೇಜಿನ ಮೇಲೆ ಕುಕ್ಕಿದಳು.

"ಇವತ್ತಿಂದ ನಮ್ಮೂರಿನ ನೀರು ಕೆಂಪು. ಅಧ್ಯಕ್ಷೆ ನಾನೇ ಹೇಳ್ತಿದೀನಿ. ಒತ್ತಿ ಮುದ್ರೆ."

ಅಧಿಕಾರಿ ಬೆಪ್ಪಾಗುತ್ತಾನೆ ಎಂದುಕೊಂಡಿದ್ದಳು. ಅವನು ಎದ್ದು ನಿಂತು ಕೈಮುಗಿದ. ಅರಗು ಕರಗಿಸಿ ಮುದ್ರೆ ಒತ್ತಿದ, ಗೇಟಿನಿಂದ ಇನ್ನೊಂದು ಕೊಳವೆ ತರಿಸಿದ, ಬೆಳಕಿಗೆ ಹಿಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. "ನೋಡಿ, ನೀವು ಸಹಕರಿಸಿದ್ರೆ ಕೆಲಸ ಎಷ್ಟು ಸಲೀಸು," ಎಂದು ಗೇಟಿಗೆ ಫೋನ್ ಮಾಡಿದ.

ಸಂಜೆ ಕೆಳಗಿನೂರಿನ ನಲ್ಲಿಗಳಲ್ಲಿ ಕೆಂಪು ನೀರು ಬಂತು. ಜನ ಬಾಯಿಗೆ ಬಂದಂತೆ ಬೈದರು, ಬೈಯುತ್ತಲೇ ಸೋಸಿ ಕಾಯಿಸಿದರು. ಡಾಕ್ಟರಮ್ಮ ಹೆರಿಗೆಗೆ ಮುಂಚೆ ಕೈ ತೊಳೆದುಕೊಂಡು, ತೊಳೆದ ಕೈಯನ್ನು ಕಂಡು ತಾನೇ ಬೆಚ್ಚಿದಳು. ಆದರೂ ಮಗು ಹುಟ್ಟಿತು, ಅತ್ತಿತು, ಸ್ನಾನವೂ ಆಯಿತು. ಕೆಲವೇ ದಿನಗಳಲ್ಲಿ ಎಲ್ಲರಿಗೂ ರೂಢಿಯಾಯಿತು.

ಅಣ್ಣನ ಕೆಂಪು ಆರ್ಡರ್ ಮುಗಿದ ವಾರ ನದಿ ಕನ್ನಡಿಯ ಹಾಗೆ ತಿಳಿಯಾಯಿತು. ತಿಳಿಯಾದ ದಿನ ಬೆಳಗ್ಗೆಯೇ ಗೇಟು ಇಳಿದು ಮುಚ್ಚಿಕೊಂಡಿತು.

"ನಿಮ್ಮ ಸೀಸೆಗೆ ಹೊಂದ್ತಿಲ್ಲಮ್ಮ," ಎಂದ ಅಧಿಕಾರಿ ಫೋನಿನಲ್ಲಿ. ದನಿಯಲ್ಲಿ ನಿಜವಾದ ಕಳಕಳಿ ಇತ್ತು. "ತೀರಾ ಸ್ವಚ್ಛ ಇದೆ."

"ಸೀಸೆ ಬದಲಾಯಿಸಿ ಕೊಡ್ತೀನಿ."

"ಬದಲಾಯಿಸೋದು ವರ್ಷಕ್ಕೆ ಒಂದೇ ಸಲ. ಮತ್ತೆ ಸಂಜೆಯೊಳಗೆ ಇಳಿಸಿಕೊಳ್ಳದಿದ್ರೆ…"

"ಗೊತ್ತು, ಫೋನ್ ಇಡಿ."

ಮಧ್ಯಾಹ್ನದ ಹೊತ್ತಿಗೆ ಅವಳು ಗೇಟಿನ ಮೇಲ್ಗಡೆಯ ದಡದಲ್ಲಿ ಮೊಣಕಾಲುದ್ದದ ನೀರಿಗೆ ಇಳಿದಿದ್ದಳು. ಅಣ್ಣನ ಗೋದಾಮಿನಿಂದ ತಂದ ಬಣ್ಣದ ಡಬ್ಬಿಗಳನ್ನು ಒಂದೊಂದಾಗಿ ನದಿಗೆ ಸುರಿದು, ಉದ್ದನೆಯ ಗಳುವಿನಿಂದ ತಿರುವುತ್ತಿದ್ದಳು. ದಡದ ಮೇಲಿಂದ ಅಣ್ಣ, "ನಿಧಾನ ಕಣೇ, ಜಾಸ್ತಿಯಾದ್ರೆ ಅದೂ ಹೊಂದಲ್ಲ," ಎನ್ನುತ್ತಿದ್ದ. ಗೇಟಿನ ಮೇಲೆ ನಿಂತ ಅಧಿಕಾರಿ ಸೀಸೆಯನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಇನ್ನೂ ಚೂರು ಬೇಕು ಎಂದು ಕೈಸನ್ನೆ ಮಾಡಿದ.