ಚನ್ನವೀರನ ಜೋಲು ಗಲ್ಲ

ನಾಟಕದಲ್ಲಿ ನಾಯಕನ ಪಾತ್ರ ಮಾಡುತ್ತಿದ್ದ ಚನ್ನವೀರ, ಗಲ್ಲ ಜೋತುಬೀಳಬಾರದೆಂದು ಹದಿನೆಂಟು ವರ್ಷ ತನ್ನ ಮುಖದ ಮುಪ್ಪನ್ನು ಹೆಂಡತಿ ಕಸ್ತೂರೆವ್ವನಿಗೆ ದಾಟಿಸಿದ. ವರ್ಷಕ್ಕೊಮ್ಮೆ ಅವಳು ಅವನ ಕೆನ್ನೆ ಹಿಡಿದು "ತಗೊಂಡೆ" ಅಂದರೆ ಮುಗಿಯಿತು. ಊರಿನ ಎಷ್ಟೋ ಹೆಂಗಸರು ಹೀಗೆ ಗಂಡಂದಿರ ಮುಪ್ಪು ಹೊತ್ತಿದ್ದರು. ಬೇಕೆಂದಾಗ ಅದನ್ನು ಮರಳಿಸಬಹುದಿತ್ತು, ಆದರೆ ಯಾರೂ ಮರಳಿಸುತ್ತಿರಲಿಲ್ಲ. ನಲವತ್ತೈದಕ್ಕೇ ಕಸ್ತೂರೆವ್ವನ ಕೆನ್ನೆಗಳು ದವಡೆ ದಾಟಿ ಇಳಿಬಿದ್ದವು.

ಆಗ ಅವನು ಕೋರ್ಟಿನಲ್ಲಿ ನಿಂತು, "ಸಾಹೇಬ್ರ, ಇಕಿ ಮುಖ ನೋಡಿದ್ರ ನಮ್ಮವ್ವನ್ನ ನೋಡಿದಂಗ ಆಗ್ತೈತ್ರಿ" ಎಂದು ವಿಚ್ಛೇದನ ಕೇಳಿದ. ಅದು ಸಿಕ್ಕಿತು ಕೂಡ.

ಅವನ ಎರಡನೇ ಮದುವೆಗೆ ಕಸ್ತೂರೆವ್ವ ಇಳಕಲ್ ಸೀರೆಯುಟ್ಟು ಹೋದಳು. ಅಕ್ಷತೆ ಬಿದ್ದ ಮೇಲೆ ವೇದಿಕೆ ಹತ್ತಿ, ನೆಟಿಗೆ ಮುರಿಯುವವಳಂತೆ ಎರಡೂ ಕೈಯಿಂದ ಅವನ ಕೆನ್ನೆ ಹಿಡಿದಳು.

"ನಿಂದಷ್ಟೂ ನೀನ ತಗೋ. ನಂದು ನನಗಿರ್ಲಿ."

ಅವನ ಗಲ್ಲ ಹೂಮಾಲೆಯ ತನಕ ಜಾರಿತು. ಕ್ಯಾಮೆರಾದಿಂದ ತಲೆಯೆತ್ತಿದ ಫೋಟೋದವನು, "ಅಜ್ಜಾರ, ಸ್ವಲ್ಪ ಸರೀರಿ, ಮದುಮಗ ಬರ್ಲಿ" ಎಂದ.

ಚನ್ನವೀರ ಗಾಬರಿಯಿಂದ ಹೊಸ ಹೆಂಡತಿಯತ್ತ ಮುಖ ಚಾಚಿದ. "ಲಗೂನ ಹಿಡಿ, ತಗೊಂಡೆ ಅನ್ನು."

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಕಸ್ತೂರೆವ್ವ ಕೆಳಗಿಳಿದು ಪಂಕ್ತಿಯಲ್ಲಿ ಕುಳಿತು, ಮಾದಲಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡಳು.